ಗುರಿ ತಪ್ಪಿದ ಒದೆತ

ಮೆಲ್ಬರ್ನ್ ಕ್ರಿಕೆಟ್ ಮೈದಾನವು ಕನ್ನಡದ ಓದುಗರಿಗೆ ಪರಿಚಿತವಾಗಿರುವುದು ಡಿಸೆಂಬರಿನ ಟೆಸ್ಟ್ ಪಂದ್ಯಗಳಿಂದ. ಆ ಊರಿನವರಿಗೆ ಮಾತ್ರ ಅದು ಮೊದಲಿಗೆ ಫುಟ್‌ಬಾಲಿನ ಅಂಗಳ. ಜಗತ್ತು ಆಡುವ ಫುಟ್‌ಬಾಲ್ ಅಲ್ಲ, ಆಸ್ಟ್ರೇಲಿಯದವರು ತಮಗಾಗಿ ತಾವೇ ಕಟ್ಟಿಕೊಂಡ ಫುಟ್‌ಬಾಲ್. 1966ರ ಸೆಪ್ಟೆಂಬರ್ 24ರ ಶನಿವಾರ ಅಲ್ಲಿ ಲಕ್ಷಕ್ಕೂ ಮಿಕ್ಕ ಜನ ನೆರೆದಿದ್ದರು. ವಿಕ್ಟೋರಿಯನ್ ಫುಟ್‌ಬಾಲ್ ಲೀಗಿನ ಅಂತಿಮ ಪಂದ್ಯ. ಎದುರುಬದುರು ನಿಂತವರು ಕಾಲಿಂಗ್‌ವುಡ್ ಮತ್ತು ಸೇಂಟ್ ಕಿಲ್ಡಾ.

ಈ ಆಟದ ಒಂದು ನಿಯಮವನ್ನು ತಿಳಿಯದೆ ಆ ದಿನದ ಕಥೆ ಅರ್ಥವಾಗದು. ಮೈದಾನ ಮೊಟ್ಟೆಯಾಕಾರದ್ದು, ಚೆಂಡೂ ಹಾಗೆಯೇ. ಆದ್ದರಿಂದ ನೆಲಕ್ಕೆ ಬಿದ್ದ ಚೆಂಡು ಯಾವ ದಿಕ್ಕಿಗೆ ಪುಟಿದೀತೆಂದು ಹೇಳಲಾಗದು. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ ಗೋಲು, ಆರು ಅಂಕ. ಗುರಿ ತಪ್ಪಿ ಪಕ್ಕದ ಗಿಡ್ಡ ಕಂಬದೊಳಗೆ ಹಾದುಹೋದರೆ ಒಂದು ಅಂಕ; ಅದಕ್ಕೆ ‘ಬಿಹೈಂಡ್’ ಎಂದು ಹೆಸರು. ತಪ್ಪಿದ್ದಕ್ಕೂ ಲೆಕ್ಕ ಬರೆದಿಡುವ ಔದಾರ್ಯ ಎಷ್ಟು ಆಟಗಳಿಗಿದೆ? ಅಂಕಪಟ್ಟಿಯಲ್ಲಿ 10.14 ಎಂದು ಬರೆದಿದ್ದರೆ ಅದು ದಶಮಾಂಶವಲ್ಲ: ಹತ್ತು ಗೋಲು, ಹದಿನಾಲ್ಕು ತಪ್ಪಿದ ಒದೆತ, ಒಟ್ಟು 74.

ಕಾಲಿಂಗ್‌ವುಡ್ ಆ ವೇಳೆಗೆ ಹದಿಮೂರು ಬಾರಿ ಪ್ರಶಸ್ತಿ ಗೆದ್ದಿದ್ದ ತಂಡ. ಸೇಂಟ್ ಕಿಲ್ಡಾ 1897ರಲ್ಲಿ ಲೀಗ್ ಆರಂಭವಾದಾಗಿನಿಂದಲೂ ಆಡುತ್ತಿದ್ದರೂ ಒಮ್ಮೆಯೂ ಗೆದ್ದಿರಲಿಲ್ಲ. ಮೊದಲ ಮೂರು ವರ್ಷಗಳಲ್ಲಿ ಆಡಿದ 48 ಪಂದ್ಯಗಳನ್ನೂ ಅದು ಸೋತಿತ್ತು. 1900ರಲ್ಲಿ ಒದಗಿದ ಚೊಚ್ಚಲ ಗೆಲುವಾದರೂ ಮೈದಾನದಲ್ಲಿ ಸಿಕ್ಕಿದ್ದಲ್ಲ. ಮೆಲ್ಬರ್ನ್ ತಂಡದೊಡನೆ ಪಂದ್ಯ ಸಮವಾಗಿತ್ತು. ಎದುರಾಳಿಯ ಒಂದು ಬಿಹೈಂಡ್ ಗಂಟೆ ಬಾರಿಸಿದ ಮೇಲೆ ಬಂದದ್ದೆಂದು ಸೇಂಟ್ ಕಿಲ್ಡಾ ತಕರಾರು ಹೂಡಿತು, ಲೀಗ್ ಒಪ್ಪಿತು, ಆ ಅಂಕವನ್ನು ಅಳಿಸಿಹಾಕಿತು. ಹಾಗೆ ಒಂದು ಅಂಕದ ಜಯ.

ಅರವತ್ತಾರು ವರ್ಷಗಳ ನಂತರದ ಆ ಶನಿವಾರ, ಕೊನೆಯ ಕಾಲುಭಾಗದ ಕೊನೆಯ ನಿಮಿಷಗಳಲ್ಲಿ, ಎರಡೂ ತಂಡಗಳ ಅಂಕ 73. ಸೇಂಟ್ ಕಿಲ್ಡಾದ ನಾಯಕ ಡ್ಯಾರೆಲ್ ಬಾಲ್ಡಾಕ್, ತರಬೇತುದಾರ ಅಲನ್ ಜೀನ್ಸ್. ಗೋಲಿನ ಮುಂದಿನ ನೂಕುನುಗ್ಗಲಿನಲ್ಲಿ ಹದಿನೆಂಟರ ತರುಣ ಬ್ಯಾರಿ ಬ್ರೀನ್‌ನ ಕೈಗೆ ಚೆಂಡು ಸಿಕ್ಕಿತು. ಗುರಿ ನೋಡಲು ಪುರಸೊತ್ತಿಲ್ಲ, ಅವಸರದಲ್ಲಿ ಒದ್ದ. ಚೆಂಡು ತೂರಾಡುತ್ತ, ಪುಟಿಯುತ್ತ ಹೋಗಿ ಗೋಲನ್ನು ತಪ್ಪಿಸಿ ಪಕ್ಕದ ಕಂಬದೊಳಗೆ ನುಸುಳಿತು. ಬಿಹೈಂಡ್! ಮುಂದಿನ ಕ್ಷಣಗಳಲ್ಲಿ ಕಾಲಿಂಗ್‌ವುಡ್ ಚೆಂಡನ್ನು ಮರಳಿ ತನ್ನ ಗುರಿಯತ್ತ ಒಯ್ದಿತು. ಬಾಬ್ ಮರ್ರೆ ಅದನ್ನು ಗಾಳಿಯಲ್ಲೇ ಹಿಡಿದು ಆಚೆಗೆ ಒದ್ದರು. ಸೈರನ್ ಮೊಳಗಿತು. ಸೇಂಟ್ ಕಿಲ್ಡಾ 10.14, ಕಾಲಿಂಗ್‌ವುಡ್ 10.13.

ಎರಡೂ ಕಡೆ ಹತ್ತೇ ಗೋಲು. ಹೆಚ್ಚು ಬಾರಿ ಗುರಿ ತಪ್ಪಿದವರು ಗೆದ್ದರು! ಇದನ್ನು ‘ಕೂದಲೆಳೆಯ ಅಂತರ’ ಎಂದು ಬರೆದುಬಿಡುವುದು ಸುಲಭ. ಆ ನುಡಿಗಟ್ಟು ಇಲ್ಲಿಯ ವೈಚಿತ್ರ್ಯವನ್ನು ಹಿಡಿಯಲಾರದು. ಬ್ರೀನ್ ಮುಂದೆ ಆ ತಂಡದ ಪರವಾಗಿ 300 ಪಂದ್ಯಗಳನ್ನು ಆಡಿದ ಮೊದಲಿಗನಾದ. ಆದರೂ ಜನ ನೆನೆಯುವುದು ಆ ಒಂದು ಒದೆತವನ್ನು.

ಕಾಲಿಂಗ್‌ವುಡ್ಡಿನ ತರಬೇತುದಾರ ಬಾಬ್ ರೋಸ್ ಅವರ ಪಾಲಿಗೆ ಇದು ಎರಡನೆಯ ಪೆಟ್ಟು. 1964ರ ಅಂತಿಮ ಪಂದ್ಯವನ್ನು ಅವರ ತಂಡ ನಾಲ್ಕು ಅಂಕಗಳಿಂದ ಸೋತಿತ್ತು. ಅಂದೂ ಎರಡೂ ತಂಡಗಳಿಗೆ ಎಂಟೆಂಟು ಗೋಲು, ಅಂದೂ ನಿರ್ಣಯವಾದದ್ದು ಬಿಹೈಂಡ್‌ಗಳಿಂದಲೇ. 1970ರಲ್ಲಿ ಅರ್ಧ ಆಟ ಮುಗಿದಾಗ 44 ಅಂಕ ಮುಂದಿದ್ದು ಹತ್ತು ಅಂಕಗಳಿಂದ ಸೋತರು. ಈ ಸೋಲುಗಳ ಸಾಲಿಗೆ ಮೆಲ್ಬರ್ನಿನ ನಾಲಗೆ ಒಂದು ಪದವನ್ನೇ ಹೊಸೆಯಿತು: ‘ಕಾಲಿವಾಬಲ್ಸ್’. ಹೊಟ್ಟೆಯೊಳಗಿನ ಕಳವಳಕ್ಕೆ ಇಂಗ್ಲಿಷಿನ ಆಡುಮಾತಿನಲ್ಲಿದ್ದ ಶಬ್ದದೊಳಗೆ ತಂಡದ ಹೆಸರನ್ನು ಬೆಸೆದದ್ದು. ಸಂಧಿಯೋ ಸಮಾಸವೋ ವ್ಯಾಕರಣ ಓದುವವರು ಹೇಳಲಿ. ಮೂರು ಬಾರಿ ಹತ್ತಿರಕ್ಕೆ ಬಂದು ಬರಿಗೈಯಲ್ಲಿ ಹೋದ ರೋಸ್ ಅವರಿಗೆ ಅದು ತಮಾಷೆಯಾಗಿ ಕೇಳಿಸಿರಲಾರದು.

2010ರ ಸೆಪ್ಟೆಂಬರ್ 25. ಅದೇ ಮೈದಾನ, ಅವೇ ಎರಡು ತಂಡಗಳು, ಅಂತಿಮ ಪಂದ್ಯ. ಕೊನೆಯ ನಿಮಿಷಗಳಲ್ಲಿ ಸೇಂಟ್ ಕಿಲ್ಡಾ ಒಂದು ಅಂಕ ಹಿಂದಿತ್ತು. ಲೆನ್ನಿ ಹೇಯ್ಸ್ ದೂರದಿಂದ ಒದ್ದ ಚೆಂಡು ಗೋಲಿನ ಮುಂದೆ ನೆಲಕ್ಕೆ ಬಿತ್ತು. ಸ್ಟೀಫನ್ ಮಿಲ್ನ್ ಅದರ ಹಿಂದೆ ಓಡಿದರು. ಚೆಂಡು ಅವರ ಕೈಗೆ ಎಟುಕದೆ ಪಕ್ಕಕ್ಕೆ ಪುಟಿದು ಬಿಹೈಂಡ್ ಆಯಿತು. ಅಂಕ 68–68. ವಾರದ ನಂತರ ಮತ್ತೆ ಆಡಿದಾಗ ಕಾಲಿಂಗ್‌ವುಡ್ 56 ಅಂಕಗಳಿಂದ ಗೆದ್ದಿತು. ಸೇಂಟ್ ಕಿಲ್ಡಾದ ಪಾಲಿಗೆ ಉಳಿದಿರುವುದು ಬ್ರೀನ್‌ನ ಒದೆತ ತಂದ ಆ ಒಂದೇ ಪ್ರಶಸ್ತಿ.