ಸಲಾಮ್ ಹೇಳದೆ ಒಳಬರುವವರು



ತೀರ್ಥಹಳ್ಳಿಯಿಂದ ಮೇಳಿಗೆಗೆ ಹೊರಟರೆ ದಾರಿಯುದ್ದಕ್ಕೂ ಅಡಿಕೆ ತೋಟ, ಗದ್ದೆ, ಮತ್ತೆ ಕಾಡು. ಊರಿನಲ್ಲಿ ಸುಮಾರು 400 ವರ್ಷ ಹಳೆಯ ಅನಂತನಾಥ ಬಸದಿ ಇದೆ. ಮನೆಗಳು ಒಂದಕ್ಕೊಂದು ದೂರ. ಹೊಸಬರು ಅಂಗಳಕ್ಕೆ ಕಾಲಿಟ್ಟರೆ ಮೊದಲು ನಾಯಿ ಬೊಗಳುತ್ತದೆ, ಆಮೇಲೆ "ಯಾರು?" ಎಂದು ಮನೆಯವರು ಹೊರಗೆ ಬರುತ್ತಾರೆ. ಇಂತಹ ಕಡೆ ಮಕ್ಕಳಿಗೆ ಎಂತಹ ಅಪಾಯ ಎಂದು ನಿಮಗೂ ಅನಿಸಬಹುದು. ನನಗೂ ಹಾಗೆಯೇ ಅನಿಸಿತ್ತು.

ಆ ಸೀಮೆಯ ಒಂದು ಮನೆಯಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದಾಗ ತಾಯಿಯೊಬ್ಬರು ತಮ್ಮ ಮಗಳ ವಿಷಯ ಹೇಳಿದರು. ಹೆಸರು ಬೇಡ, ಮನೆಯ ಗುರುತೂ ಬೇಡ. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿ ಪಾಠವೆಲ್ಲ ಮೊಬೈಲ್‌ಗೆ ಬಂತು. ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ನೆಟ್‌ವರ್ಕ್ ಇರಲಿಲ್ಲ. ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿ ಪಾಠ ಕೇಳಿದರು. ಈ ಹುಡುಗಿಯೂ ತೋಟದಾಚೆಯ ದಿಬ್ಬದಲ್ಲಿ ಕೂರುತ್ತಿದ್ದಳು. ಪಾಠದ ಬಿಡುವಿನಲ್ಲಿ ಒಂದು ಆಟದ ಆ್ಯಪ್. ಅಲ್ಲೊಬ್ಬಳು 'ಗೆಳತಿ' ಸಿಕ್ಕಿದಳು, ಫೋಟೋ ಕೇಳಿದಳು. ಫೋಟೋ ಕೈಸೇರಿದ ಮೇಲೆ ಗೆಳತಿ ಹೆಣ್ಣೇ ಅಲ್ಲ ಎಂದು ತಿಳಿಯಿತು. ಇನ್ನಷ್ಟು ಕಳಿಸದಿದ್ದರೆ ಎಲ್ಲರಿಗೂ ತೋರಿಸುತ್ತೇನೆ ಎಂಬ ಬೆದರಿಕೆ ಶುರುವಾಯಿತು.

ಮಗು ವಾರಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲ. ಯಾಕೆ ಹೇಳಲಿಲ್ಲ ಎಂದು ತಾಯಿ ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ಹೇಳಿದರೆ ಮೊಬೈಲ್ ಕಿತ್ತುಕೊಂಡು ಶಾಲೆ ಬಿಡಿಸುತ್ತೀರಿ ಅಂತ ಹೆದರಿಕೆಯಾಯ್ತು."

ಸೋದರಿಯರೇ, ಈ ಮಾತನ್ನು ಸ್ವಲ್ಪ ಯೋಚಿಸಿ. ಬೆದರಿಸುವವನ ಬಲ ಫೋಟೋದಲ್ಲಿಲ್ಲ, ಮಗು ನಮಗೆ ಹೆದರುವುದರಲ್ಲಿದೆ. "ಏನೇ ಆದರೂ ನನಗೆ ಹೇಳು, ನಿನ್ನ ಓದು ನಿಲ್ಲುವುದಿಲ್ಲ" ಎಂದು ಇವತ್ತೇ ಮಗಳಿಗೆ ಹೇಳಿ. ಮಗನಿಗೂ ಹೇಳಿ, ಗಂಡುಮಕ್ಕಳೂ ಈ ಬಲೆಗೆ ಬೀಳುತ್ತಾರೆ.

ಅಪ್ಪಣೆ ಕೇಳದೆ, ಸಲಾಮ್ ಹೇಳದೆ ಪರರ ಮನೆಯೊಳಗೆ ಹೋಗಬಾರದೆಂದು ಸೂರಃ ಅನ್ನೂರ್ ನಮಗೆ ಕಲಿಸುತ್ತದೆ. ದಿನದ ಮೂರು ಹೊತ್ತಿನಲ್ಲಿ ಮನೆಯ ಮಕ್ಕಳು ಕೂಡಾ ಕೇಳಿಯೇ ಕೋಣೆಗೆ ಬರಬೇಕು: ಫಜ್ರ್‌ಗೆ ಮೊದಲು, ಮಧ್ಯಾಹ್ನದ ವಿಶ್ರಾಂತಿಯಲ್ಲಿ, ಇಶಾದ ನಂತರ. ಮೊಬೈಲ್ ಕೂಡಾ ಒಂದು ಬಾಗಿಲೇ. ಇಶಾದ ಬಳಿಕ ಮನೆಯ ಎಲ್ಲ ಫೋನುಗಳೂ, ನಮ್ಮದೂ ಸೇರಿ, ನಡುಮನೆಯಲ್ಲೇ ಚಾರ್ಜ್ ಆಗಲಿ. ಗೇಮ್‌ಗಳಲ್ಲಿ ಅಪರಿಚಿತರೊಡನೆ ಚಾಟ್ ಮಾಡುವ ಸೌಲಭ್ಯವಿದ್ದರೆ ಮುಚ್ಚಿಡಿ. ಚಿಕ್ಕವರ ಫೋನಿಗೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಬಹುದು. ಅದನ್ನು ಕದ್ದು ಹಾಕಬೇಡಿ, ಮಗುವಿಗೆ ತಿಳಿಸಿಯೇ ಹಾಕಿ. ಶಾಲೆಯ ಹೆಸರು ಕಾಣುವ ಸಮವಸ್ತ್ರದ ಫೋಟೋವನ್ನು ನಾವೂ ಸ್ಟೇಟಸ್‌ಗೆ ಹಾಕದಿರೋಣ.

ಬೆದರಿಕೆ ಬಂದೇ ಬಿಟ್ಟರೆ ಹಣ ಕೊಡಬೇಡಿ, ಇನ್ನೊಂದು ಫೋಟೋ ಕಳಿಸಬೇಡಿ. ನಾಚಿಕೆಯಿಂದ ಮೆಸೇಜುಗಳನ್ನು ಅಳಿಸಿ ಹಾಕಬೇಡಿ, ಅವೇ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಬ್ಲಾಕ್ ಮಾಡಿ. ಸೈಬರ್ ಅಪರಾಧದ ಸಹಾಯವಾಣಿ 1930, ಮಕ್ಕಳ ಸಹಾಯವಾಣಿ 1098. 18 ವರ್ಷದೊಳಗಿನವರ ಅಶ್ಲೀಲ ಚಿತ್ರ ಕೇಳುವುದು, ಇಟ್ಟುಕೊಳ್ಳುವುದು, ಹಂಚುವುದು ಅಪರಾಧ. 2012ರ ಪೋಕ್ಸೋ ಕಾಯ್ದೆಯಂತೆ ಸಂತ್ರಸ್ತ ಮಗುವಿನ ಗುರುತನ್ನು ಪತ್ರಿಕೆ, ಟಿ.ವಿ.ಗಳು ಬಹಿರಂಗಪಡಿಸುವಂತಿಲ್ಲ. "ಮರ್ಯಾದೆ ಹೋಗುತ್ತದೆ" ಎಂದು ಸುಮ್ಮನಾದರೆ ಅವನು ಇನ್ನೊಂದು ಮನೆಯ ಮಗುವನ್ನು ಹುಡುಕುತ್ತಾನೆ.

ಆ ತಾಯಿ ಮಗಳನ್ನು ಶಾಲೆ ಬಿಡಿಸಲಿಲ್ಲ. ಅವಳು ಈಗ ಕಾಲೇಜಿಗೆ ಹೋಗುತ್ತಿದ್ದಾಳೆ, ಅಲ್‌ಹಮ್ದುಲಿಲ್ಲಾಹ್. ನಾನು ಹೊರಡುವಾಗ ಅವಳು ಅಂಗಳದಲ್ಲಿ ತಾಯಿಯ ಪಕ್ಕದಲ್ಲೇ ಕುಳಿತು ಫೋನ್‌ನಲ್ಲಿ ಏನನ್ನೋ ತೋರಿಸಿ ನಗುತ್ತಿದ್ದಳು.

ಮಕ್ಕಳು ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್. ಆ ನಗು ನಿಮ್ಮ ಅಂಗಳದಲ್ಲೂ ಇರಲಿ.