ಪೊದೆಯ ಮರೆಯಲ್ಲಿ ನಿಂತವನು

ಕಥೆ ಮುಗಿಯುವಾಗ ಗಂಟುಗಳನ್ನೆಲ್ಲ ಬಿಡಿಸಿಕೊಟ್ಟರೇ ನಮಗೆ ಸಮಾಧಾನ, ಅಲ್ಲವೇ? ಕೆನಡಾದ ಲೇಖಕಿ ಮಾರ್ಗರೆಟ್ ಅಟ್‌ವುಡ್ ಹಾಗೆ ಬಿಡಿಸಿಕೊಡುವವರಲ್ಲ. 2003ರಲ್ಲಿ ಬಂದ ಅವರ ‘ಓರಿಕ್ಸ್ ಅಂಡ್ ಕ್ರೇಕ್’ ಕಾದಂಬರಿ ನಡುದಾರಿಯಲ್ಲೇ ನಿಂತುಬಿಡುತ್ತದೆ. “ಇದೆಂಥ ಕೊನೆಯಮ್ಮಾ!” ಎಂದಳು ನನ್ನ ಮಗಳು. ನನಗೋ ಅದೇ ಸರಿಯಾದ ಕೊನೆ ಅನ್ನಿಸಿತು. ಯಾಕೆಂದು ಹೇಳುತ್ತೇನೆ, ಕೇಳಿ.

ಕ್ರೇಕ್ ಮಹಾ ಬುದ್ಧಿವಂತ ವಿಜ್ಞಾನಿ. ಮನುಷ್ಯರ ಜಗಳ, ಮತ್ಸರಗಳಿಗೆ ಬೇಸತ್ತು ವಂಶವಾಹಿಗಳನ್ನೇ ತಿದ್ದಿ ಹೊಸ ಮಂದಿಯನ್ನು ತಯಾರಿಸುತ್ತಾನೆ. ಅವರಿಗೆ ಎಲೆ, ಹುಲ್ಲೇ ಊಟ. ಒಲೆ ಹಚ್ಚುವ ಕೆಲಸವೇ ಇಲ್ಲ ನೋಡಿ! ಬಟ್ಟೆಯೂ ಬೇಡ. ಗಾಯವಾದರೆ ಸುತ್ತ ಕೂತು ಬೆಕ್ಕಿನಂತೆ ಗುರ್‌ಗುರ್ ಎನ್ನುತ್ತಲೇ ಮಾಯಿಸುತ್ತಾರೆ. ಆಮೇಲೆ ಕ್ರೇಕ್ ಮಾತ್ರೆಯೊಳಗೆ ರೋಗ ಅಡಗಿಸಿ ಹಂಚಿ, ಹಳೆಯ ಮನುಷ್ಯಕುಲವನ್ನೇ ಗುಡಿಸಿಹಾಕುತ್ತಾನೆ. ಉಳಿದವನು ಅವನ ಗೆಳೆಯ ಜಿಮ್ಮಿ. ಹೊಸ ಮಂದಿಯನ್ನು ನೋಡಿಕೊಳ್ಳುತ್ತೇನೆಂದು ಓರಿಕ್ಸ್ ಎಂಬಾಕೆಗೆ ಅವನು ಮಾತು ಕೊಟ್ಟಿದ್ದಾನೆ.

ಕಡೆಯ ಪುಟಗಳಲ್ಲಿ ಕಡಲತೀರದ ಮೇಲೆ ಮನುಷ್ಯರ ಹೆಜ್ಜೆ ಕಾಣುತ್ತದೆ. ಹಿಂಬಾಲಿಸಿ ಹೋದರೆ ಬೆಂಕಿಯ ಬಳಿ ಇಬ್ಬರು ಗಂಡಸರು, ಒಬ್ಬ ಹೆಂಗಸು. ಇವನ ಕೈಯಲ್ಲಿ ಬಂದೂಕು. ಹೊಡೆದುರುಳಿಸಬೇಕೇ? ಹತ್ತಿರ ಹೋಗಿ ಮಾತಾಡಿಸಬೇಕೇ? ಕೆಟ್ಟುಹೋದ ಕೈಗಡಿಯಾರ ನೋಡಿಕೊಂಡು, ಹೊರಡುವ ಹೊತ್ತಾಯಿತು ಅಂದುಕೊಳ್ಳುತ್ತಾನೆ. ಅಷ್ಟೇ, ಕಥೆ ಮುಗಿಯಿತು!

ಅವನ ಹೆದರಿಕೆ ತನ್ನೊಬ್ಬನಿಗಾಗಿ ಅಲ್ಲ. ಹೊಸ ಮಂದಿಗೆ ಅಪಾಯವೆಂದರೇನೆಂದೇ ತಿಳಿಯದು. ಕಲ್ಲು ಆರಿಸಹೋಗಿ ಅಕ್ಕಿಯನ್ನೂ ಚೆಲ್ಲಿದ ಹಾಗೆ, ಕ್ರೇಕ್ ಕೆಟ್ಟದ್ದರ ಜೊತೆಗೆ ಎಚ್ಚರವನ್ನೂ ತೆಗೆದುಹಾಕಿದ್ದಾನೆ. ಆದರೆ ಅಕ್ಕರೆಯನ್ನು ತೆಗೆಯಲು ಅವನಿಂದಲೂ ಆಗಲಿಲ್ಲ. ಜಿಮ್ಮಿ ದೂರ ಹೋದಾಗ ಅವನದೊಂದು ಗೊಂಬೆ ಮಾಡಿ, ಸುತ್ತ ಕೂತು ಕರೆದವರು ಅವರು. ಅಂಥವರನ್ನು ಕಾಯುವವನಿಗೆ ಸಂಕಟವಾಗದೇ? ಮಕ್ಕಳೊಂದಿಗರಾದ ನಮಗೂ ಇದು ಗೊತ್ತು. ಗುರುತಿಲ್ಲದವರು ಬಾಗಿಲು ತಟ್ಟಿದರೆ ನೀರು ಕೊಡೋಣ ಅನ್ನಿಸುತ್ತೆ, ಚಿಲಕ ಹಾಕಿಕೊಳ್ಳೋಣ ಅಂತಲೂ ಅನ್ನಿಸುತ್ತೆ.

ಆರು ವರ್ಷದ ಮೇಲೆ, 2009ರಲ್ಲಿ, ಲೇಖಕಿ ‘ದಿ ಇಯರ್ ಆಫ್ ದಿ ಫ್ಲಡ್’ ಬರೆದು ಆ ಮೂವರು ಯಾರೆಂದು ತಿಳಿಸಿದರು. ಗಂಡಸರಿಬ್ಬರೂ ಕ್ರೂರಿಗಳು. ಹೆಂಗಸು ಅವರ ಸೆರೆಯಾಳು, ಹಿಂದೊಮ್ಮೆ ಜಿಮ್ಮಿಯ ಗೆಳತಿಯಾಗಿದ್ದ ಅಮಾಂಡಾ!

ಈಗ ಯೋಚಿಸಿ. ಹೆದರಿ ಹೊಡೆದಿದ್ದರೆ ಆ ಪಾಪದವಳೂ ಸಾಯುತ್ತಿದ್ದಳು. ನಂಬಿ ನಗುತ್ತ ಹೋಗಿದ್ದರೆ ಇವನ ಗತಿ ಏನಾಗುತ್ತಿತ್ತೋ. ಒಂದೇ ಬೆಂಕಿಯ ಮುಂದೆ ಕೂತ ಮಾತ್ರಕ್ಕೆ ಮೂವರೂ ಒಂದೇ ಅಲ್ಲ. ಒಂದೇ ಸೂರಿನ ಕೆಳಗೆ ಬಾಳುತ್ತಿದ್ದೂ ಸೆರೆಯಲ್ಲಿರುವ ಹೆಂಗಸರನ್ನು ನಾವು ಕಂಡಿಲ್ಲವೇ? ಹೊರಗಿನವರು ಮಾತ್ರ ‘ಆ ಮನೆಯವರೇ ಹಾಗೆ’ ಎಂದು ಅವಳನ್ನೂ ಸೇರಿಸಿಯೇ ಆಡಿಕೊಳ್ಳುತ್ತಾರೆ.

ಆದ್ದರಿಂದ ಆ ಕೊನೆಯನ್ನು ‘ಕೊಲ್ಲುವನೋ, ಬಿಡುವನೋ’ ಎಂದು ನಾನು ಓದುವುದಿಲ್ಲ. ಆ ಹೆಂಗಸಿನ ಮುಖವನ್ನು ಅವನು ಸರಿಯಾಗಿ ನೋಡುವನೇ ಎಂಬುದೇ ಅಲ್ಲಿನ ಪ್ರಶ್ನೆ. ಪೊದೆಯ ಮರೆಯಲ್ಲಿ ನೀವೇ ನಿಂತಿದ್ದರೆ ಏನು ಮಾಡುತ್ತಿದ್ದಿರಿ, ಹೇಳಿ?