ಎಲ್ಲ ಐಕಾನೂ ನೋಟ್‌ಪ್ಯಾಡಿಗೆ

ಡೆಸ್ಕ್‌ಟಾಪಿನ ಮೇಲಿನ ಶಾರ್ಟ್‌ಕಟ್ ಎಂದರೆ ಪ್ರೋಗ್ರಾಮಿನ ವಿಳಾಸ ಬರೆದಿಟ್ಟ ಚೀಟಿ. ಪ್ರೋಗ್ರಾಮ್ ಇರುವುದು ಬೇರೆಲ್ಲೋ. ಐಕಾನಿನ ಎಡ ಮೂಲೆಯ ಪುಟ್ಟ ಬಾಣ ಇದರ ಗುರುತು. ಆಪಲ್ 1991ರ ಸಿಸ್ಟಮ್ 7ರಲ್ಲೇ ‘ಏಲಿಯಾಸ್’ ಎಂದು ಇಂಥದ್ದೊಂದನ್ನು ಕೊಟ್ಟಿತ್ತು. ಮನೆಮನೆಗೆ ಅದನ್ನು ಮುಟ್ಟಿಸಿದ್ದು 1995ರ ಆಗಸ್ಟಿನಲ್ಲಿ ಬಂದ ವಿಂಡೋಸ್ 95. ಶಾರ್ಟ್‌ಕಟ್ ಕೂಡ ಒಂದು ಫೈಲೇ; ಹೆಸರಿನ ಕೊನೆಗೆ ‘ಎಲ್‌ಎನ್‌ಕೆ’ ಎಂಬ ಬಾಲವಿರುತ್ತದೆ. ಎಲ್ಲ ಫೈಲುಗಳ ಬಾಲವನ್ನೂ ತೋರಿಸೆಂದು ಹೇಳಿದರೂ ಇದನ್ನು ವಿಂಡೋಸ್ ಮುಚ್ಚಿಯೇ ಇಡುತ್ತದೆ. ಮುಂದಿನ ಗೊಂದಲಕ್ಕೆಲ್ಲ ಅರ್ಧ ಕಾರಣ ಈ ಮುಚ್ಚುಮರೆ.

ಐಕಾನ್ ಒತ್ತಿದಾಗ ಬೇರೇನೋ ತೆರೆದುಕೊಂಡರೆ, ದಾರಿ ತಪ್ಪಿರುವುದು ಒಂದು ಶಾರ್ಟ್‌ಕಟ್ಟೋ ಎಲ್ಲವೋ ಎಂಬುದನ್ನು ಮೊದಲು ನೋಡಬೇಕು. ಒಂದೇ ಆದರೆ ಕೆಲಸ ಸುಲಭ: ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು ‘ಟಾರ್ಗೆಟ್’ ಎಂಬಲ್ಲಿರುವ ವಿಳಾಸ ಓದಿದರಾಯಿತು. ಐಕಾನಿನ ಚಿತ್ರವನ್ನು ನಂಬುವಂತಿಲ್ಲ; ಚಿತ್ರವೂ ವಿಳಾಸವೂ ಬೇರೆಬೇರೆಯಾಗಿ ದಾಖಲಾಗುತ್ತವೆ. ಹಳೆಯ ವಿಂಡೋಸ್ ಈ ವಿಷಯದಲ್ಲಿ ಅತಿ ಉಪಕಾರಿಯಾಗಿತ್ತು. ಪ್ರೋಗ್ರಾಮನ್ನು ಅಳಿಸಿದ ಮೇಲೆ ಅದರ ಶಾರ್ಟ್‌ಕಟ್ ಒತ್ತಿದರೆ, ಗಾತ್ರ, ತಾರೀಖು, ಬಗೆ ನೋಡಿ ಹೋಲುವ ಇನ್ನೊಂದು ಫೈಲನ್ನು ಹುಡುಕಿ ‘ಇದಾಗಬಹುದೇ?’ ಎಂದು ಕೇಳುತ್ತಿತ್ತು. ಓದದೆ ಹೂಂ ಅಂದವರ ಶಾರ್ಟ್‌ಕಟ್ ಅಂದಿನಿಂದ ಆ ಅಪರಿಚಿತನ ಪಾಲು.

ಎಲ್ಲವೂ ಒಟ್ಟಿಗೆ ಕೆಟ್ಟರೆ ಕತೆ ಬೇರೆ. ಈ ಲೇಖಕರ ಮನೆಯ ವಿಂಡೋಸ್ 7 ಕಂಪ್ಯೂಟರಿನಲ್ಲಿ ಒಂದು ಸಂಜೆ ಬ್ರೌಸರು, ಟ್ಯಾಲಿ, ‘ನುಡಿ’ ಯಾವುದನ್ನು ಒತ್ತಿದರೂ ನೋಟ್‌ಪ್ಯಾಡ್ ಬರತೊಡಗಿತು. ಐಕಾನುಗಳೂ ಒಂದೇ ವೇಷ ತೊಟ್ಟಿದ್ದವು. ತೆರೆದ ಪುಟದಲ್ಲಿ ಮೊದಲಿಗೆ ಇಂಗ್ಲಿಷಿನ ದೊಡ್ಡ ‘ಎಲ್’, ಆಮೇಲೆ ಅರ್ಥವಾಗದ ಚಿಹ್ನೆಗಳು, ನಡುವೆ ಎಲ್ಲೋ ‘ಪ್ರೋಗ್ರಾಮ್ ಫೈಲ್ಸ್’ ಎಂಬ ಮಾತು. ಆ ‘ಎಲ್’ ನಿಜಕ್ಕೂ ಒಂದು ಸಂಖ್ಯೆ: ಶಾರ್ಟ್‌ಕಟ್ ಫೈಲಿನ ಶಿರೋಭಾಗ 76 ಬೈಟ್ ಉದ್ದ, ಆಸ್ಕಿ ಪಟ್ಟಿಯಲ್ಲಿ 76ಕ್ಕೆ ಬರುವ ಅಕ್ಷರ ಅದೇ. ರಿಪೇರಿ ಅಂಗಡಿಯಲ್ಲಿ ಸಿಕ್ಕ ಉತ್ತರ ಎಲ್ಲ ಕಾಯಿಲೆಗೂ ಸಿಗುವಂಥದ್ದೇ: “ಫಾರ್ಮ್ಯಾಟ್ ಹೊಡೀಬೇಕು ಸಾರ್.”

ಹೊಡೆಯಬೇಕಾಗಿರಲಿಲ್ಲ. ಯಾರೋ ಯಾವಾಗಲೋ ಒಂದು ಶಾರ್ಟ್‌ಕಟ್ಟನ್ನು ‘ಓಪನ್ ವಿತ್’ ಮೂಲಕ ನೋಟ್‌ಪ್ಯಾಡಿನಲ್ಲಿ ತೆರೆದು, ‘ಯಾವಾಗಲೂ ಇದನ್ನೇ ಬಳಸು’ ಎಂಬ ಗುರುತನ್ನು ಹಾಗೇ ಬಿಟ್ಟಿದ್ದರೆ ಇಷ್ಟೂ ಆಗುತ್ತದೆ. ಎಲ್‌ಎನ್‌ಕೆ ಬಾಲದ ಸಮಸ್ತವೂ ನೋಟ್‌ಪ್ಯಾಡಿನದು ಎಂದು ವಿಂಡೋಸ್ ಬರೆದುಕೊಳ್ಳುತ್ತದೆ. ಸ್ಟಾರ್ಟ್ ಮೆನುವಿನಲ್ಲಿರುವುದೂ ಶಾರ್ಟ್‌ಕಟ್ಟುಗಳೇ ಆದ್ದರಿಂದ ಅದೂ ಕೆಡುತ್ತದೆ. ಈ ಟಿಪ್ಪಣಿ ಆಯಾ ಬಳಕೆದಾರರ ಖಾತೆಗಷ್ಟೇ ಸೇರಿದ್ದು. ಹೊಸ ಖಾತೆ ತೆರೆದು ನೋಡಿದಾಗ ಅಲ್ಲಿ ಎಲ್ಲ ಸರಿಯಿದ್ದರೆ ರೋಗ ಇದೇ ಎಂದು ತಿಳಿಯಬಹುದು. ಮದ್ದು ವಿಂಡೋಸ್ ಇಂಥ ಟಿಪ್ಪಣಿಗಳನ್ನಿಡುವ ರಿಜಿಸ್ಟ್ರಿಯಲ್ಲಿದೆ. ವಿಂಡೋಸ್ ಕೀಲಿಯ ಜೊತೆ ‘ಆರ್’ ಒತ್ತಿ ರೆಜ್‌ಎಡಿಟ್ ಓಡಿಸಿ, ಕರೆಂಟ್ ಯೂಸರ್ ವಿಭಾಗದ ಎಕ್ಸ್‌ಪ್ಲೋರರ್ ಕೆಳಗೆ ಫೈಲ್‌ಎಕ್ಸ್‌ಟ್ಸ್‌ನಲ್ಲಿರುವ ಎಲ್‌ಎನ್‌ಕೆ ಹುಡುಕಿ, ಅದರೊಳಗಿನ ‘ಯೂಸರ್‌ಚಾಯ್ಸ್’ ಒಂದನ್ನೇ ಅಳಿಸಿ, ಲಾಗ್ ಆಫ್ ಆಗಿ ಮರಳಿದರೆ ಐಕಾನುಗಳು ತಮ್ಮ ತಮ್ಮ ಮುಖ ಹೊತ್ತು ಬರುತ್ತವೆ. ಅಕ್ಕಪಕ್ಕದ್ದಕ್ಕೆ ಕೈಹಾಕಬಾರದು. ರೆಜ್‌ಎಡಿಟ್ಟೇ ತೆರೆಯದಿದ್ದರೆ ಕೆಟ್ಟಿರುವುದು ‘ಇಎಕ್ಸ್‌ಇ’ ಬಾಲದ ಪ್ರೋಗ್ರಾಮ್ ಫೈಲುಗಳ ಸಂಬಂಧವಿರಬಹುದು. ಅಲ್ಲಿ ವೈರಸ್ಸನ್ನು ಶಂಕಿಸುವುದು ನ್ಯಾಯ.

ನಿಜವಾದ ‘ಶಾರ್ಟ್‌ಕಟ್ ವೈರಸ್’ ಬಂದಿದ್ದು ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋದವರ ಜೊತೆ. ಅದು ಫೋಲ್ಡರುಗಳನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಹಿಂದಿನಿಂದ ವೈರಸ್ಸೂ ಓಡುತ್ತದೆ. ಫೋಲ್ಡರಿನ ಎದುರು ಒಂದೆರಡು ಕೆಬಿ ಗಾತ್ರ ಕಂಡರೆ ಅದು ವೇಷಧಾರಿ, ಏಕೆಂದರೆ ಎಕ್ಸ್‌ಪ್ಲೋರರ್ ಪಟ್ಟಿಯಲ್ಲಿ ಫೋಲ್ಡರಿಗೆ ಗಾತ್ರ ಕಾಣಿಸುವುದಿಲ್ಲ. ಮೊದಲು ಆಂಟಿವೈರಸ್ ಓಡಿಸಿ, ಆ ಶಾರ್ಟ್‌ಕಟ್ಟುಗಳನ್ನು ಅಳಿಸಿ, ‘ಅಟ್ರಿಬ್’ ಆದೇಶದಿಂದ ಹಿಡನ್ ಮತ್ತು ಸಿಸ್ಟಮ್ ಗುರುತುಗಳನ್ನು ತೆಗೆದರೆ ಅಡಗಿದ್ದ ಫೋಲ್ಡರುಗಳು ಒಳಗಿನ ಫೈಲುಗಳ ಸಮೇತ ಕಾಣುತ್ತವೆ.